ಕೆಸುವಿನ ಮಡಿ ಕೆಟ್ಟರೆ ಎಲ್ಲಿಂದ ನೋಡಬೇಕು?

ಮಲೆನಾಡು, ಕರಾವಳಿಗಳಲ್ಲಿ ಕೆಸು ಅಡಿಕೆ ತೋಟದ ಬಸಿಗಾಲುವೆಯ ಪಕ್ಕ, ಬಚ್ಚಲ ನೀರು ಹೋಗುವ ದಾರಿಯಲ್ಲಿ ಯಾರೂ ಕೇಳದೆ ಬೆಳೆದುಕೊಂಡಿರುತ್ತದೆ. ಅದನ್ನೇ ತಂದು ಮಡಿ ಮಾಡಿ, ಪಕ್ಕಕ್ಕೆ ಒಂದೆಲಗ, ಅರಿಸಿನ, ಬಾಳೆ ಸೇರಿಸಿ ಬೆಳೆಸಹೊರಟಾಗ ತಕರಾರು ಶುರುವಾಗುತ್ತದೆ. ಎಲೆ ಹಳದಿಯಾದರೆ ಗೊಬ್ಬರ, ಚುಕ್ಕೆ ಬಂದರೆ ಔಷಧಿ ಎಂದು ಓಡುವ ಮೊದಲು ನೀರು ನೋಡಬೇಕು. ಕೆಸುವಿಗೆ ನೀರು ಬೇಕು ನಿಜ, ಆದರೆ ಹರಿಯುವ ನೀರು. ಜೊತೆಗಿಡಗಳ ವಿಷಯದಲ್ಲೂ ಅಷ್ಟೇ. ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬುದಕ್ಕಿಂತ ಯಾವುದನ್ನು ನೀರಿನಿಂದ ಎಷ್ಟು ಮೇಲೆ ನೆಟ್ಟಿದ್ದೀರಿ ಎಂಬುದೇ ಹೆಚ್ಚು ಮುಖ್ಯ.

ಮುಂದೆ ಹೇಳುವುದೆಲ್ಲ ಇಂಥ ಮಡಿಗೆ: ನಡುವೆ ಒಂದು ಮೀಟರ್ ಅಗಲದ ಕೆಸರಿನ ಕಾಲುವೆ, ಒಂದು ತುದಿಯಲ್ಲಿ ನೀರು ಬರುವ ಬಾಯಿ, ಇನ್ನೊಂದು ತುದಿಯಲ್ಲಿ ಹೋಗುವ ಬಾಯಿ. ಕಾಲುವೆಯಲ್ಲಿ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಬಿಟ್ಟು ಕೆಸು. ನೀರಿನ ಮಟ್ಟಕ್ಕಿಂತ ಒಂದು ಗೇಣಿಗೂ ಕಡಿಮೆ ಎತ್ತರದ ಇಳಿಜಾರಿನಲ್ಲಿ ಒಂದೆಲಗ. ಅದರಾಚೆ 30 ಸೆಂ.ಮೀ. ಎತ್ತರದ ಏರಿಯ ಮೇಲೆ ಅರಿಸಿನ, ಅಲಸಂದೆ. ನೀರು ಹೋಗುವ ತುದಿಯಿಂದ ಎರಡು ಮೀಟರ್ ದೂರದಲ್ಲಿ ದಿಬ್ಬ ಮಾಡಿ ಬಾಳೆ.

ಮೊದಲು ನೀರಿನ ಪರೀಕ್ಷೆ

ಒಂದು ಹಿಡಿ ಅಕ್ಕಿತೌಡನ್ನು ನೀರು ಬರುವ ಬಾಯಲ್ಲಿ ಉದುರಿಸಿ. ತೌಡು ನಿಧಾನವಾಗಿಯಾದರೂ ಹೊರಬಾಯಿಯ ಕಡೆ ಸಾಗಬೇಕು. ಎಲ್ಲಾದರೂ ಒಂದೇ ಕಡೆ ಸುತ್ತುತ್ತಾ ನಿಂತರೆ ಆ ಜಾಗ ತಗ್ಗಾಗಿದೆ, ಇಲ್ಲವೇ ಬೇರು, ದರಗು ಅಡ್ಡ ಬಿದ್ದಿದೆ. ಆಮೇಲೆ ಅಲ್ಲಿಯ ಕೆಸರನ್ನು ಕೋಲಿನಿಂದ ಕದಡಿ ಮೂಸಿ ನೋಡಿ. ಬರೀ ಮಣ್ಣಿನ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಸರಿನಲ್ಲಿ ಆಮ್ಲಜನಕ ಮುಗಿದಿದೆ, ಬೇರು ಉಸಿರು ಕಟ್ಟಿ ಸಾಯುತ್ತಿದೆ ಎಂದೇ ಲೆಕ್ಕ.

ಜಂಬಿಟ್ಟಿಗೆ ಮಣ್ಣಿನ ಊರುಗಳಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಾಣುತ್ತದೆ, ಎಣ್ಣೆ ಸೇರಿದೆ ಎಂದು ಗಾಬರಿಯಾಗುತ್ತದೆ. ಕಡ್ಡಿಯಿಂದ ಗೀರಿ ನೋಡಿ. ಪೊರೆ ಗಾಜಿನ ಚೂರುಗಳಂತೆ ಒಡೆದು ಹಾಗೇ ಬೇರೆಬೇರೆಯಾಗಿ ಉಳಿದರೆ ಅದು ಕಬ್ಬಿಣದಿಂದ, ಕಬ್ಬಿಣ ತಿನ್ನುವ ಸೂಕ್ಷ್ಮಜೀವಿಗಳಿಂದ ಆದದ್ದು. ಗೀರಿದ ತಕ್ಷಣ ಮತ್ತೆ ಕೂಡಿಕೊಂಡರೆ ನಿಜವಾಗಿ ಎಣ್ಣೆ. ಪಂಪಿನಿಂದಲೋ ಬಚ್ಚಲಿನಿಂದಲೋ ಬಂದಿದೆ. ಕಬ್ಬಿಣದ ಪೊರೆ ತಿನ್ನುವವರಿಗೆ ವಿಷವಲ್ಲ, ಆದರೆ ನೀರು ತುಂಬ ದಿನದಿಂದ ಕದಲಿಲ್ಲ ಎಂಬುದಕ್ಕೆ ಗುರುತು.

ನೀರಿನ ಆಳ ಸಸಿ ನೆಟ್ಟ ಹೊಸದರಲ್ಲಿ 2–3 ಸೆಂ.ಮೀ. ಸಾಕು. ಎರಡು ಮೂರು ಎಲೆ ಬಿಟ್ಟ ಮೇಲೆ 5–8 ಸೆಂ.ಮೀ.ಗೆ ಏರಿಸಬಹುದು. ಅದಕ್ಕಿಂತ ಆಳ ನಿಲ್ಲಿಸಿದರೆ ಲಾಭವಿಲ್ಲ. ಬೇಸಿಗೆಯಲ್ಲಿ ಆ ನೀರು ಬಿಸಿಯಾಗಿ ಗಡ್ಡೆ ಕೊಳೆಯುತ್ತದೆ. ಹವಾಯಿ ದ್ವೀಪಗಳಲ್ಲಿ ಕೆಸುವನ್ನು ಗದ್ದೆ ಕಟ್ಟಿ ನೀರಲ್ಲೇ ಬೆಳೆಯುತ್ತಾರೆ, ಅಲ್ಲೂ ಹಳ್ಳದ ತಣ್ಣೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯುತ್ತಲೇ ಇರುವ ಹಾಗೆ ಕಟ್ಟಿರುತ್ತಾರೆ. ಹರಿವು ಕೊಡಲಾಗದ ಜಾಗದಲ್ಲಿ ನೀರು ನಿಲ್ಲಿಸುವುದನ್ನೇ ಬಿಟ್ಟು ಕೆಸರು ಹಸಿಯಾಗಿರುವಷ್ಟು ಮಾತ್ರ ಕೊಡುವುದು ಮೇಲು.

ಬಚ್ಚಲ ನೀರಿನ ಕೆಸುವಿನಲ್ಲಿ ಹಳೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿ ಒಣಗುತ್ತಿದ್ದರೆ ಬಟ್ಟೆ ಒಗೆಯುವ ಪುಡಿಯ ಉಪ್ಪು ಸೇರುತ್ತಿದೆಯೇ ನೋಡಿ. ಸ್ನಾನದ ನೀರನ್ನು ಬಿಟ್ಟು, ವಾಷಿಂಗ್ ಮಷೀನಿನ ನೀರನ್ನು ಬೇರೆ ಕಡೆ ತಿರುಗಿಸಿ. ಪಾಯಿಖಾನೆ ಗುಂಡಿಯ ನೀರು ಸೋರಿ ಬರುವಲ್ಲಿ ಬೆಳೆದದ್ದನ್ನು, ಪೇಟೆಯ ಚರಂಡಿಯ ಪಕ್ಕದ್ದನ್ನು ಅಡುಗೆಗೆ ತರಬೇಡಿ. ಎಷ್ಟೇ ಸೊಂಪಾಗಿದ್ದರೂ ಸರಿ.

ಎಲೆ ಹಳದಿ

ಒಂದೋ ಎರಡೋ ಹಳೆ ಎಲೆ ಹಳದಿಯಾಗಿ ಬೀಳುವುದು ಗಿಡದ ಸಹಜ ಕ್ರಮ. ಎದ್ದು ನಿಂತ ನಾಲ್ಕೈದು ಎಲೆ, ಒಂದು ಸುತ್ತಿದ ಸುಳಿ ಇದ್ದರೆ ಏನೂ ಮಾಡಬೇಕಾಗಿಲ್ಲ.

ಹಳೆ ಎಲೆಗಳು ನರದ ಸಮೇತ ಪೂರ್ತಿ ಮಾಸಲು ಹಳದಿಗೆ ತಿರುಗಿ, ಹೊಸ ಎಲೆ ಚಿಕ್ಕದಾಗುತ್ತಾ ಬಂದರೆ ಸಾರಜನಕ ಕಡಿಮೆ. ನಿಂತ ನೀರಿಗೆ ಯೂರಿಯಾ ಎರಚಿದರೆ ಬಹುಪಾಲು ಗಾಳಿಗೆ ಹೋಗುತ್ತದೆ. ನೀರು ಇಳಿಸಿ, ಕೆಸರಿನೊಳಗೆ ಕೈಯಿಂದ ಒತ್ತಿ, ಎರಡು ಮೂರು ದಿನ ಬಿಟ್ಟು ನೀರು ಕೊಡಬೇಕು. ಇದಕ್ಕಿಂತ ಸುಲಭದ ದಾರಿಯೆಂದರೆ ನೆಡುವ ಮೊದಲೇ ಚದರ ಮೀಟರಿಗೆ ಒಂದೂಕಾಲು ಕಿಲೋದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿಬಿಡುವುದು. ಹಸಿ ಸೆಗಣಿ ಮಾತ್ರ ಬೇಡ. ಅದು ನೀರಿನಡಿ ಕೊಳೆಯುವಾಗ ಇರುವ ಆಮ್ಲಜನಕವನ್ನೂ ತಿಂದು, ಮೇಲೆ ಹೇಳಿದ ಮೊಟ್ಟೆಯ ವಾಸನೆಗೆ ದಾರಿ ಮಾಡುತ್ತದೆ.

ಹಳೆ ಎಲೆಯ ಅಂಚು ಮಾತ್ರ ಒಣಗಿ ನಡುಭಾಗ ಹಸಿರಾಗಿದ್ದರೆ, ಸೋಪಿನ ನೀರೂ ಸೇರುತ್ತಿಲ್ಲವಾದರೆ, ಪೊಟ್ಯಾಷ್ ಕೊರತೆ. ಗಡ್ಡೆಯ ಬೆಳೆಗೆ ಪೊಟ್ಯಾಷ್ ಸಾರಜನಕಕ್ಕಿಂತಲೂ ಹೆಚ್ಚು ಬೇಕು. ಕೇರಳದಲ್ಲಿ ಹೆಕ್ಟೇರಿಗೆ ಹೇಳುವ ಲೆಕ್ಕ ಸಾರಜನಕ 80, ರಂಜಕ 25, ಪೊಟ್ಯಾಷ್ 100 ಕಿಲೋ. ಮನೆ ಮಡಿಗೆ ಬುಡಕ್ಕೊಂದು ಹಿಡಿ ಒಲೆಬೂದಿ ತಿಂಗಳಿಗೊಮ್ಮೆ ಸಾಕು.

ಎಲೆಯ ನರದ ಉದ್ದಕ್ಕೂ ಗರಿಯಂತೆ ತಿಳಿ ಹಳದಿ ಚಿತ್ತಾರ ಮೂಡಿ, ಮುಂದೆ ಬರುವ ಎಲೆಗಳು ಚೆನ್ನಾಗಿಯೇ ಬಂದರೆ ಅದು ಮೊಸಾಯಿಕ್ ವೈರಸ್. ಗಿಡ ಸಾಯುವುದಿಲ್ಲ, ಎಲೆ ತಿನ್ನಲೂ ಅಡ್ಡಿಯಿಲ್ಲ. ಆದರೆ ಅದರ ಮರಿಯನ್ನು ಬೀಜಕ್ಕೆ ಇಡಬೇಡಿ.

ಎಲೆಯಲ್ಲಿ ಚುಕ್ಕೆ

ಚುಕ್ಕೆಗಳಲ್ಲಿ ಎರಡು ಬಗೆ ಇವೆ, ಇವೆರಡನ್ನೂ ಬಿಡಿಸಿ ನೋಡುವುದು ಕಲಿತರೆ ಅರ್ಧ ಗಾಬರಿ ಇಳಿಯುತ್ತದೆ.

ಹಳೆ ಎಲೆಗಳ ಮೇಲಷ್ಟೇ ತುಕ್ಕಿನ ಬಣ್ಣದ ಮಬ್ಬು ಕಲೆಗಳಿದ್ದು, ಎಲೆ ತಿರುಗಿಸಿದರೆ ಹಿಂಬದಿಯಲ್ಲಿ ಅದರ ನೆರಳಿನಂತೆ ಮಸುಕಾಗಿ ಕಂಡರೆ ಅದು ನಿರುಪದ್ರವಿ ಶಿಲೀಂಧ್ರ. ಬಿಟ್ಟುಬಿಡಿ.

ಇನ್ನೊಂದು ಅಂಗಮಾರಿ ರೋಗ. ಫೈಟಾಫ್ತೊರಾ ಕೊಲೊಕೇಸಿಯೇ ಎಂಬ ಜೀವಿಯಿಂದ ಬರುವಂಥದ್ದು. ಮೊದಲು ನೀರು ಕುಡಿದಂಥ ಸಣ್ಣ ಕಪ್ಪು ಚುಕ್ಕೆ, ಹೆಚ್ಚಾಗಿ ಮಳೆನೀರು ನಿಲ್ಲುವ ಎಲೆತುದಿ ಅಥವಾ ಅಂಚಿನಲ್ಲಿ. ಆಮೇಲೆ ಬಳೆಬಳೆಯಾಗಿ ಹರಡುತ್ತದೆ. ಚುಕ್ಕೆಯ ಮೇಲೆ ಜೇನಿನ ಬಣ್ಣದ ಅಂಟು ಹನಿಗಳು ಕೂತು, ಒಣಗಿದ ಮೇಲೆ ಗಟ್ಟಿಯಾಗುತ್ತವೆ. ಖಚಿತವಾಗಬೇಕಾದರೆ ಬೆಳಗ್ಗೆ ಇಬ್ಬನಿ ಆರುವ ಮೊದಲು ನೋಡಬೇಕು: ಚುಕ್ಕೆಯ ಅಂಚಿನಲ್ಲಿ ಬಿಳಿ ಪುಡಿಯ ಸುತ್ತು ಇರುತ್ತದೆ. ಬಿಸಿಲೇರಿದ ಮೇಲೆ ಅದು ಕಾಣುವುದಿಲ್ಲ. ಮಳೆ ಬಿಡದೆ ಹಿಡಿದರೆ ಎರಡು ಮೂರು ವಾರದಲ್ಲಿ ಇಡೀ ಎಲೆ ಕರಗಿ ಜೋತು ಬೀಳುತ್ತದೆ. 1993ರಲ್ಲಿ ಇದೇ ರೋಗ ಪೆಸಿಫಿಕ್‌ನ ಸಮೋವಾಕ್ಕೆ ಹೊಕ್ಕಿ, ಕೆಸುಗಡ್ಡೆಯ ರಫ್ತನ್ನೇ ನೆಲಕಚ್ಚಿಸಿತು. ಹಿತ್ತಲ ಮಡಿಯಲ್ಲಾದರೆ ಬೇಗ ಕಂಡರೆ ತಡೆಯಬಹುದು.

ಮೊದಲ ಚುಕ್ಕೆ ಕಂಡ ದಿನವೇ ಆ ಎಲೆಯನ್ನು ದಂಟಿನ ಸಮೇತ ಕೊಯ್ದು ಮಡಿಯಿಂದ ಹೊರಗೆ ಹೂಳಿ. ಕಾಲುವೆಗೆ ಎಸೆಯಬೇಡಿ, ನೀರೇ ಅದನ್ನು ಕೆಳಗಿನ ಗಿಡಗಳಿಗೆ ಮುಟ್ಟಿಸುತ್ತದೆ. ಮಳೆ ಹನಿಯ ಸಿಡಿತದಿಂದಲೂ ಹರಡುವುದರಿಂದ ಒತ್ತಾಗಿ ಬೆಳೆದ ಮರಿಗಳನ್ನು ಕಿತ್ತು ಗಾಳಿಯಾಡಲು ಬಿಡಿ. ಪೈಪಿನಲ್ಲಿ ಎಲೆಯ ಮೇಲೆ ನೀರು ಹಾರಿಸುವುದು ಬೇಡ. ಗಡ್ಡೆಗೆಂದೇ ಬೆಳೆಯುವವರು ಮೆಟಲಾಕ್ಸಿಲ್–ಮ್ಯಾಂಕೊಜೆಬ್ ಎಂಬ ರೋಗನಾಶಕ ಮಿಶ್ರಣ ಸಿಂಪಡಿಸುತ್ತಾರೆ. ಎಲೆ ತಿನ್ನುವ ಮಡಿಗೆ ಅದು ಹೇಳಿದ್ದಲ್ಲ. ಪ್ರತಿ ಮಳೆಗಾಲವೂ ಇದೇ ಕಾಟವಾದರೆ ತಳಿ ಬದಲಿಸಿ. ಒಡಿಶಾದ ಕಡೆಯ ಮುಕ್ತಕೇಶಿ ಎಂಬ ತಳಿ ಇದನ್ನು ಚೆನ್ನಾಗಿ ತಡೆಯುತ್ತದೆ.

ಅಡಿಕೆ ಕೊಳೆರೋಗಕ್ಕೂ ಕೆಸುವಿನ ಈ ರೋಗಕ್ಕೂ ಮೂಲ ಒಂದೇ ಕುಲದ ಜೀವಿಗಳಾದರೂ ಪ್ರಭೇದ ಬೇರೆ. ಹಾಗಾಗಿ ಕೊಳೆಗೆ ಕೆಸುವೇ ಕಾರಣ ಎಂದು ಕಿತ್ತು ಹಾಕಬೇಕಾಗಿಲ್ಲ. ತೊಂದರೆ ಬರುವುದು ಉಲ್ಟಾ ದಿಕ್ಕಿನಿಂದ. ಅಡಿಕೆ ಗೊನೆಗೆ ಹೊಡೆದ ಬೋರ್ಡೊ ದ್ರಾವಣ (100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ) ಕೆಳಗಿನ ಕೆಸುವಿನ ಮೇಲೆ ಹನಿದು ನೀಲಿಬಿಳಿ ಲೇಪವಾಗುತ್ತದೆ. ಅದು ಮಳೆಗೂ ಜಗ್ಗದಂತೆ ಅಂಟಿಕೊಳ್ಳಲೆಂದೇ ಮಾಡಿದ ಔಷಧಿ, ತೊಳೆದರೆ ಹೋಗುತ್ತದೆ ಎಂದು ನಂಬಬೇಡಿ. ಔಷಧಿ ಹೊಡೆಯುವ ಮುನ್ನಾದಿನ ಬೇಕಾದ ಎಲೆ ಕೊಯ್ದುಕೊಳ್ಳಿ. ಹೊಡೆದ ಮೇಲೆ ಬಿಚ್ಚಿದ ಎಲೆಗಳನ್ನೆಲ್ಲ ಕತ್ತರಿಸಿ ಹಾಕಿ, ಆಮೇಲೆ ಹೊಸದಾಗಿ ಬಿಚ್ಚಿದ್ದನ್ನು ಮಾತ್ರ ಬಳಸಿ. ಒಂದರಿಂದ ಎರಡು ವಾರಕ್ಕೊಂದು ಎಲೆ ಬರುವುದರಿಂದ ಒಂದು ತಿಂಗಳು ಪತ್ರೊಡೆ ಇಲ್ಲ ಎಂದುಕೊಳ್ಳಿ.

ಎಲೆ ಜಾಲರಿಯಂತಾಗಿದ್ದರೆ ರೋಗವಲ್ಲ, ಹುಳು. ತಂಬಾಕಿನ ಎಲೆ ತಿನ್ನುವ ಹುಳುವಿನ ಪತಂಗ ಎಲೆಯಡಿ ಕಂದು ರೋಮ ಮುಚ್ಚಿದ ಮೊಟ್ಟೆಗುಪ್ಪೆ ಇಡುತ್ತದೆ. ಮರಿಗಳು ಒಂದೇ ಎಲೆಯಲ್ಲಿ ಗುಂಪಾಗಿರುವಾಗಲೇ ಆ ಎಲೆ ಕಿತ್ತರೆ ಮುಗಿಯಿತು. ಚದುರಿ ದೊಡ್ಡದಾದ ಮೇಲೆ ಹಗಲು ಬುಡದಲ್ಲಿ ಅಡಗಿ ರಾತ್ರಿ ತಿನ್ನುತ್ತವೆ, ಆಗ ಲೀಟರಿಗೆ 50 ಗ್ರಾಂ ಬೇವಿನ ಬೀಜದ ಕಷಾಯ ಸಂಜೆ ಹೊಡೆಯಬಹುದು, ಫಲ ಅಷ್ಟಕ್ಕಷ್ಟೇ. ಏರಿಯ ಮೇಲೆ ನಾಲ್ಕು ಹರಳು ಗಿಡ ಇಟ್ಟರೆ ಪತಂಗ ಅಲ್ಲಿಗೇ ಮೊಟ್ಟೆಯಿಡಲು ಹೋಗುತ್ತದೆ. ಆದರೆ ಎರಡು ದಿನಕ್ಕೊಮ್ಮೆ ಆ ಎಲೆಗಳನ್ನು ತಿರುಗಿಸಿ ನೋಡುವವರಿಗೆ ಮಾತ್ರ ಈ ಉಪಾಯ. ನೋಡದವರಿಗೆ ಹರಳು ಹುಳುವಿನ ತೊಟ್ಟಿಲಾಗುತ್ತದೆ.

ಗಿಡ ಸೊರಗಿದೆ, ಎಳೆದರೆ ಕೈಗೆ ಬರುತ್ತದೆ

ಕಿತ್ತು ಗಡ್ಡೆಯನ್ನು ಉದ್ದಕ್ಕೆ ಸೀಳಿ. ಬೇರು ಬಿಳಿಯಾಗಿ, ಗಡ್ಡೆ ಗಟ್ಟಿಯಾಗಿದ್ದರೆ ಕೆಸರು ಸಡಿಲವಾಗಿದೆ ಅಷ್ಟೇ. ಆಳಕ್ಕೆ ನೆಟ್ಟು ಬುಡ ತುಳಿಯಿರಿ. ಬೇರು ಕಪ್ಪಾಗಿ, ಗಡ್ಡೆಯ ಕೆಳಭಾಗ ಮೆತ್ತಗೆ ಕೊಳೆತು ನಾರುತ್ತಿದ್ದರೆ ಪಿಥಿಯಂ ಎಂಬ ಸೂಕ್ಷ್ಮಜೀವಿಯಿಂದ ಬರುವ ಕೊಳೆ. ಇದಕ್ಕೆ ನಿಂತ ಬಿಸಿನೀರು, ಹಸಿಗೊಬ್ಬರ, ಕಳೆ ತೆಗೆಯುವಾಗ ಕತ್ತಿ ತಾಗಿದ ಗಾಯ ಇವೇ ಕಾರಣ. ಔಷಧಿ ಹುಡುಕುವುದಕ್ಕಿಂತ ನೀರು ಪೂರ್ತಿ ಬಸಿದು ಹತ್ತು ಹದಿನೈದು ದಿನ ಕೆಸರಿಗೆ ಗಾಳಿ ಬಿಡಿ, ಕೊಳೆತದ್ದನ್ನು ಆರಿಸಿ ಹೊರಗೆ ಹಾಕಿ.

ಉಳಿಸಿಕೊಳ್ಳಬೇಕಾದ ಗಿಡವಿದ್ದರೆ ಕೊಳೆತ ಗಡ್ಡೆಯನ್ನೆಲ್ಲ ಕೊಯ್ದು, ತಲೆಯಲ್ಲಿ ಒಂದೆರಡು ಸೆಂ.ಮೀ. ಆರೋಗ್ಯವಾದ ಬಿಳಿ ಭಾಗ, ಅದರ ಮೇಲೆ ಒಂದು ಗೇಣು ದಂಟು ಉಳಿಸಿ, ಬೇರೆಲ್ಲ ಸವರಿ, ನೆರಳಲ್ಲಿ ಒಂದೆರಡು ದಿನ ಗಾಯ ಆರಿಸಿ ಬೇರೆ ಮಡಿಯಲ್ಲಿ ನೆಡಿ. ಅದೇ ಗುಂಡಿಗೆ ಮತ್ತೆ ಕೆಸು ನೆಟ್ಟರೆ ಅದೇ ಕಥೆ. ಒಂದು ವರ್ಷವಾದರೂ ಬಿಡಬೇಕು.

ಗಿಡ ಚೆನ್ನಾಗಿದ್ದೂ ಗಡ್ಡೆಯೇ ಆಗದಿದ್ದರೆ ತಳಿ ನೋಡಿ. ಹಂಬಿನಂತೆ ಬಳ್ಳಿ ಬಿಟ್ಟು ಹರಡುವ ಕಾಡುಕೆಸು ಗಡ್ಡೆ ಕಟ್ಟುವುದಿಲ್ಲ, ಸೊಪ್ಪಿಗಷ್ಟೇ. ಗಡ್ಡೆಯ ಜಾತಿಯಲ್ಲೂ (ಮೈಸೂರಿನ ಕಡೆ ಶಾಮೆಗಡ್ಡೆ) ವಾರವಾರ ಎಲೆ ಬೋಳಿಸಿದರೆ ಗಡ್ಡೆ ಗೋಲಿಯಷ್ಟೇ ಆಗುತ್ತದೆ. ಗಿಡದಲ್ಲಿ ಮೂರು ಬಿಚ್ಚಿದ ಎಲೆ ಉಳಿಯುವ ಹಾಗೆ ಕೊಯ್ಯಿರಿ. ಬೀಜಕ್ಕೆ 25–35 ಗ್ರಾಂ ತೂಕದ ಮರಿಗಡ್ಡೆ ಸಾಕು. ಐದಾರು ತಿಂಗಳಿಗೆ ಎಲೆ ಹಳದಿಯಾಗತೊಡಗಿದಾಗ ನೀರು ನಿಲ್ಲಿಸಿ ಅಗೆಯುವುದು.

ಜೊತೆಗಿಡ ಕೆಟ್ಟರೆ

ಏಲಕ್ಕಿ ಇರುವ ತೋಟದಲ್ಲಿ ಕೆಸುವೇ ಬೇಡ. ಏಲಕ್ಕಿಯ ಕಟ್ಟೆ ರೋಗವನ್ನು ಹರಡುವ ಹೇನು ಕೆಸುವಿನ ದಂಟಿನ ಸಂದಿನಲ್ಲೂ ಸಂಸಾರ ಮಾಡುತ್ತದೆ. ಕೆಸು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಏಲಕ್ಕಿಯ ಎಳೆ ಎಲೆಯಲ್ಲಿ ತಿಳಿ ಹಸಿರು ಗೀರುಗಳು ನರಕ್ಕೆ ಸಮಾನಾಂತರವಾಗಿ ಮೂಡಿದಾಗಲೇ ಗೊತ್ತಾಗುವುದು. ಕಟ್ಟೆ ಹಿಡಿದ ಹಿಂಡಿಗೆ ಮದ್ದಿಲ್ಲ, ಬುಡಸಮೇತ ಕೀಳಬೇಕು. ಅದರ ಜೊತೆ ಸುತ್ತಲಿನ ಕೆಸುವನ್ನೂ ತೆಗೆಯದಿದ್ದರೆ ಹೇನಿಗೆ ಮನೆ ಉಳಿದ ಹಾಗೆ.

ಶುಂಠಿ ತುದಿಯಿಂದ ಹಳದಿಯಾಗಿ, ಬುಡ ನೀರುನೀರಾಗಿ, ಎಳೆದರೆ ದಂಟು ಕಳಚಿ ಬಂದರೆ ಅದೂ ಪಿಥಿಯಂ ಕುಲದ ಕೊಳೆಯೇ. ಶುಂಠಿ ಮಡಿಯ ನೀರು ಕೆಸುವಿನ ಕಾಲುವೆಗೆ, ಕೆಸುವಿನ ನೀರು ಶುಂಠಿಗೆ ಇಳಿಯಬಾರದು. ಅರಿಸಿನ ಒಂದಿಷ್ಟು ತಡೆಯುತ್ತದೆ, ಅದಕ್ಕೂ ಒಂದಡಿ ಏರಿ ಬೇಕೇ ಬೇಕು. ಏರಿ ಮಳೆಗೆ ಜರಿದು ತಗ್ಗಾಗಿದ್ದರೆ ಆಷಾಢದೊಳಗೆ ಮಣ್ಣು ಏರಿಸಿ. ಬಾಳೆಯ ಕೆಳ ಎಲೆಗಳು ಹಳದಿಯಾಗಿ ಕಂಬ ಸಣ್ಣಗಾದರೆ ಬೇರು ನೀರಿಗೆ ಸಿಕ್ಕಿದೆ. ಕೆಸುವಿನ ಪಕ್ಕ ಬಾಳೆ ಚೆನ್ನ ಎನ್ನುತ್ತಾರೆ, ದಿಬ್ಬದ ಮೇಲಾದರೆ ಮಾತ್ರ.

ಮೆಣಸಿನ ಬಳ್ಳಿಯ ಬುಡದಿಂದ ಒಂದು ಮೀಟರ್ ಒಳಗೆ ಕೆಸು ನೆಡಬೇಡಿ. ಗಡ್ಡೆ ಅಗೆಯುವಾಗ ಬಳ್ಳಿಯ ಬೇರು ಹರಿದರೆ ಆ ಗಾಯದಿಂದಲೇ ಸೊರಗು ರೋಗ ಒಳಹೊಗುತ್ತದೆ.

ಒಂದೆಲಗದ ದಂಟು ಉದ್ದವಾಗಿ ಎಲೆ ತೆಳ್ಳಗಾದರೆ ಕೆಸುವಿನ ನೆರಳು ಹೆಚ್ಚಾಗಿದೆ. ಆ ಬದಿಯ ಕೆಸುವಿನ ಕೆಳ ಎಲೆ ತೆಗೆಯಿರಿ. ಕೊಳೆಯುತ್ತಿದ್ದರೆ ನೀರು ಮೇಲೇರಿ ಮುಳುಗಿಸುತ್ತಿದೆ. ಇದಕ್ಕಿಂತ ದೊಡ್ಡ ಮಾತೊಂದಿದೆ. ದನ ಮೇಯುವ, ನೀರು ಕುಡಿಯುವ ಜವುಗಿನಲ್ಲಿ ದನಗಳ ಯಕೃತ್ತಿನ ಚಪ್ಪಟೆಹುಳುವಿನ ಮರಿಗಳು ನೀರಂಚಿನ ಎಲೆಗಳಿಗೆ ಗೂಡುಕಟ್ಟಿ ಅಂಟಿರಬಹುದು. ಒಂದೆಲಗದ ತಂಬುಳಿ, ಚಟ್ನಿ ಹಸಿಯದು. ತೊಳೆದ ಮಾತ್ರಕ್ಕೆ ಅವು ಹೋಗುತ್ತವೆಂಬ ಭರವಸೆಯಿಲ್ಲ, ಬೇಯಿಸಿದರೆ ಸಾಯುತ್ತವೆ. ಹಸಿ ತಿನ್ನುವ ಒಂದೆಲಗವನ್ನು ಬಾವಿ ನೀರು ಹಾಕಿ ಕುಂಡದಲ್ಲಿ ಬೆಳೆಸಿ. ಕಾಲುವೆಯಂಚಿನದು ಸಾರಿಗೆ, ಪಲ್ಯಕ್ಕೆ ಇರಲಿ. ಮಡಿಗೆ ಇಳಿಯುವಾಗ ಗಂಬೂಟು ಹಾಕಿಕೊಳ್ಳಿ. ಇಲಿಜ್ವರ ಬರುವುದು ಇಂಥ ನೀರಿನಿಂದಲೇ, ಕಾಲಿನ ಸಣ್ಣ ಗಾಯದ ಮೂಲಕ.

ಬೇಯಿಸಿದ ಮೇಲೂ ತುರಿಸಿದರೆ

ಮೊದಲ ಅನುಮಾನ ಗಿಡದ ಮೇಲಿರಲಿ. ಕೆಸುವಿನ ತೊಟ್ಟು ಎಲೆಯ ಹಿಂಬದಿಯಲ್ಲಿ, ಅಂಚಿನಿಂದ ಒಳಗೆ ಸೇರುತ್ತದೆ, ಎಲೆ ಕೆಳಗೆ ಜೋತಿರುತ್ತದೆ, ಮೇಲೆ ಬಿದ್ದ ನೀರು ಮುತ್ತಾಗಿ ಉರುಳುತ್ತದೆ. ತೊಟ್ಟು ಎಲೆಯ ಕೊರಕಲಿನಲ್ಲೇ ಸೇರಿ, ಎಲೆ ಆಕಾಶಕ್ಕೆ ಮುಖ ಮಾಡಿದ್ದರೆ ಅದು ಅದರ ನೆಂಟ, ಗೊತ್ತಿಲ್ಲದೆ ತಿನ್ನಬೇಡಿ.

ತುರಿಕೆಗೆ ಕಾರಣ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಮತ್ತು ಅದರ ಜೊತೆಗಿರುವ ಪ್ರೋಟೀನು. ಹರಳು ನೀರಲ್ಲಿ ಕರಗುವುದಿಲ್ಲ. ಕಚ್ಚುವ ಗುಣವನ್ನು ಇಳಿಸುವುದು ಹೆಚ್ಚು ಹೊತ್ತಿನ ಬೇಯುವಿಕೆ. ಹುಳಿ ಧಾರಾಳ ಇರಲಿ. ಪತ್ರೊಡೆಗೆ ಹುಣಸೆ, ಕೆಸುವಿನೆಲೆಯ ಗೊಜ್ಜಿನಂಥ ಕರಕಲಿಗೆ ಮನೆಯಲ್ಲಿರುವ ಯಾವುದಾದರೂ ಹುಳಿ. ಆದರೆ ಹುಳಿ ಹಾಕಿದ್ದೇವಲ್ಲ ಎಂದು ಬೇಯಿಸುವ ಹೊತ್ತು ಕಡಿಮೆ ಮಾಡಿದರೆ ಗಂಟಲು ಲೆಕ್ಕ ಕೇಳುತ್ತದೆ.

ಪತ್ರೊಡೆ ತುರಿಸಿದರೆ ಸುರುಳಿಯ ನಡುವೆ ಬೆಂದಿಲ್ಲ ಎಂದರ್ಥ. ಒಂದು ಸುರುಳಿಗೆ ನಾಲ್ಕೈದು ಎಲೆ ಮೀರಬೇಡಿ, ಬೆನ್ನಿನ ದಪ್ಪ ನರ ಹೆರೆದು ತೆಗೆಯಿರಿ, ಹಿಟ್ಟು ತೆಳ್ಳಗೆ ಸವರಿ. ಹಬೆ ಚೆನ್ನಾಗಿ ಎದ್ದ ಮೇಲೆ ಇಟ್ಟು, ಅಲ್ಲಿಂದ 40–45 ನಿಮಿಷ. ನಡುವೆ ಚಾಕು ಚುಚ್ಚಿದರೆ ಎಲೆ ಪದರ ಎದುರಿಸದೆ ಒಳಹೋಗಬೇಕು. ಈಗಾಗಲೇ ತುರಿಸುತ್ತಿರುವುದನ್ನು ಎಸೆಯಬೇಕಾಗಿಲ್ಲ. ಹೋಳು ಮಾಡಿ ಹುಣಸೆ, ಬೆಲ್ಲ, ಮೆಣಸಿನ ಗಸಿಯಲ್ಲಿ ಕಾಲು ಗಂಟೆ ಕುದಿಸಿ, ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಹೋಳು ಮಾಡುವಾಗ ಪುಡಿಯಾದರೆ ಬಿಸಿ ಇರುವಾಗಲೇ ಕೊಯ್ದಿದ್ದೀರಿ, ಪೂರ್ತಿ ಆರಲು ಬಿಡಿ.

ಕೈ ತುರಿಸುವವರು ಎಲೆ ಒಣಗಿದ್ದಾಗಲೇ, ಕೈಗೆ ಕೊಬ್ಬರಿ ಎಣ್ಣೆ ಸವರಿ ಹೆಚ್ಚಿ. ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೆ ಹಬೆಯ ಪತ್ರೊಡೆ ಒಳ್ಳೆಯದಲ್ಲ. ನೀರಿನಲ್ಲಿ ಕರಗುವ ಆಕ್ಸಲೇಟೂ ಎಲೆಯಲ್ಲಿದೆ, ಅದು ಹಬೆಯಲ್ಲಿ ಹೊರಹೋಗುವುದಿಲ್ಲ. ಅಂಥವರು ತಿನ್ನಲೇಬೇಕೆಂದರೆ ಎಲೆಯನ್ನು ಹೆಚ್ಚು ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ಪಲ್ಯ ಮಾಡಿ ಮೊಸರಿನ ಜೊತೆ, ಅದೂ ವೈದ್ಯರನ್ನು ಕೇಳಿ, ಸ್ವಲ್ಪವೇ.